ಕಾದವರಿಗೂ ಕಾಯದವರಿಗೂ

— ಮಾವ, ಬೈಬೇಡಿ. ನನಗೆ ‘ಲವ್‌ಲೆಸ್’ಗಿಂತ ‘ಎಂ ಬಿ ವಿ’ನೇ ಹೆಚ್ಚು ಇಷ್ಟ ಆಯ್ತು.

— ಬೈಯೋದೇನಿದೆ? ಹೇಗೆ ಕೇಳಿದೆ ಅಂತ ಮೊದಲು ಹೇಳು.

— ಹೇಗೆ ಅಂದ್ರೆ ಫೋನಲ್ಲಿ. 2021ರ ಮಾರ್ಚ್ ಕೊನೆಗೆ ಮೈ ಬ್ಲಡಿ ವ್ಯಾಲೆಂಟೈನ್ ಬ್ಯಾಂಡಿನ ಆಲ್ಬಂಗಳು ಡೊಮಿನೋ ಕಂಪನಿ ಮೂಲಕ ಸ್ಟ್ರೀಮಿಂಗ್‌ಗೆ ಬಂದವಲ್ಲ, ಅದಾದ ಮೇಲೆ. ಎರಡನೇ ಲಾಕ್‌ಡೌನ್, ಮನೇಲೇ ಬಿದ್ದಿದ್ದೆ. ಮಧ್ಯಾಹ್ನ ಊಟ ಮಾಡಿ ‘ಲವ್‌ಲೆಸ್’ ಹಾಕಿದೆ. ಅದು ಮುಗಿದಾಗ ಪಕ್ಕದಲ್ಲೇ ‘ಎಂ ಬಿ ವಿ’ ಕಾಣಿಸ್ತು, ಅದನ್ನೂ ಹಾಕಿದೆ. ಸಂಜೆ ಕಾಫಿ ಹೊತ್ತಿಗೆ ಎರಡೂ ಆಗಿಹೋಗಿತ್ತು.

— ಅಂದ್ರೆ ನಿನಗೆ 1991ರ ನವೆಂಬರ್‌ಗೂ 2013ರ ಫೆಬ್ರವರಿಗೂ ಮಧ್ಯೆ ಒಂದು ಲೋಟ ನೀರು ಕುಡಿಯೋಷ್ಟು ಹೊತ್ತು.

— ಅಷ್ಟೂ ಇಲ್ಲ. ನಡುವೆ 21 ವರ್ಷ ಇದೆ ಅಂತ ಆಮೇಲೆ ಓದಿ ಗೊತ್ತಾಯ್ತು. ಅದಕ್ಕೇ ಹೇಳ್ತಿರೋದು, ಈ ವಿಷಯದಲ್ಲಿ ತೀರ್ಪು ಕೊಡೋ ಯೋಗ್ಯತೆ ನನಗಿದೆ, ನಿಮಗಿಲ್ಲ. ನಿರೀಕ್ಷೆಗೆ ತಕ್ಕ ಹಾಗೆ ಬಂತಾ ಅಂತ ಕೇಳಿದ್ರೆ ನೀವು ನಿಮ್ಮ ಯೌವನದ ಕಥೆ ಹೇಳ್ತೀರ. ನಾನು ಹಾಡಿನ ಬಗ್ಗೆ ಹೇಳ್ತೀನಿ.

— ಪರವಾಗಿಲ್ಲ, ವಕೀಲಿಕೆ ಚೆನ್ನಾಗಿದೆ. ಆದರೆ ನಿರೀಕ್ಷೆಯನ್ನೇ ಇಟ್ಟುಕೊಳ್ಳದವಳು ನಿರೀಕ್ಷೆಗೆ ತಕ್ಕ ಹಾಗೆ ಬಂತು ಅಂತ ಹೇಗೆ ಹೇಳ್ತಾಳೆ?

— ಸರಿ, ಹಾಗಾದ್ರೆ ಆ ಯೌವನದ ಕಥೆ ಹೇಳಿಬಿಡಿ. ಚಿಕ್ಕದಾಗಿ.

— ನನಗೆ ‘ಲವ್‌ಲೆಸ್’ ಸಿಕ್ಕಿದ್ದು ಕ್ಯಾಸೆಟ್ಟಲ್ಲಿ. ಹಾಸ್ಟೆಲ್ಲಿನ ಗೆಳೆಯನೊಬ್ಬನ ಅಣ್ಣ ಇಂಗ್ಲೆಂಡಿನಿಂದ ಸಿಡಿ ತಂದಿದ್ದ. ಅದರಿಂದ ಒಂದು ಟಿಡಿಕೆ ತೊಂಬತ್ತಕ್ಕೆ ರೆಕಾರ್ಡ್ ಮಾಡಿ ಕೊಟ್ಟಿದ್ದ. ಹಾಕಿದೆ ನೋಡು, ಗಿಟಾರಿನ ಶ್ರುತಿ ಹೊಯ್ದಾಡ್ತಾ ಇದೆ, ಮೇಲೆ ಹೋಗತ್ತೆ, ಕೆಳಗೆ ಬರತ್ತೆ. ರೀಲು ಸಿಕ್ಕಿಹಾಕ್ಕೊಂಡಿದೆ ಅಂದ್ಕೊಂಡೆ. ಹೊರಗೆ ತೆಗೆದು, ಪೆನ್ಸಿಲ್ ತೂರಿಸಿ ಸುತ್ತಿ ಬಿಗಿ ಮಾಡಿದೆ. ಹೆಡ್ಡನ್ನ ಹತ್ತಿ, ಸ್ಪಿರಿಟ್ ಹಾಕಿ ಒರೆಸಿದೆ. ಮತ್ತೆ ಹಾಕಿದೆ, ಮತ್ತೆ ಅದೇ ಹೊಯ್ದಾಟ. ಗೆಳೆಯನ ಹತ್ರ ಜಗಳಕ್ಕೆ ಹೋದೆ. ಅವನು ನಕ್ಕು, “ಅದು ಇರೋದೇ ಹಾಗೆ” ಅಂದ.

— ಟ್ರೆಮಲೋ ಕಡ್ಡಿ.

— ಹೂಂ. ಗಿಟಾರಿನ ಕೆಳಗಡೆ, ತಂತಿ ಕಟ್ಟೋ ಕಡೆ ಒಂದು ಲೋಹದ ಕಡ್ಡಿ ಇರತ್ತೆ. ಅದನ್ನ ಒತ್ತಿದ್ರೆ ತಂತಿಗಳು ಸಡಿಲ ಆಗಿ ಶ್ರುತಿ ಇಳಿಯತ್ತೆ. ಬೇರೆಯವರು ತಂತಿ ಮೀಟಿ, ಆಮೇಲೆ ಒಂದು ಸಲ ಒತ್ತಿ ಬಿಡ್ತಾರೆ. ಆ ಬ್ಯಾಂಡಿನ ಕೆವಿನ್ ಶೀಲ್ಡ್ಸ್ ಆ ಕಡ್ಡೀನ ಕೈಯಲ್ಲಿ ಹಿಡ್ಕೊಂಡೇ ಬಾರಿಸ್ತಾನೆ. ಕೈ ಮೇಲೆ ಕೆಳಗೆ ಆಡಿದ ಹಾಗೆಲ್ಲ ಪೂರ್ತಿ ಸ್ವರಗುಚ್ಛವೇ ಜಾರತ್ತೆ. ನಮ್ಮ ವೀಣೆಯಲ್ಲಿ ಒಂದು ತಂತಿ ಎಳೆದು ಒಂದು ಸ್ವರಕ್ಕೆ ಗಮಕ ಕೊಡ್ತೀವಲ್ಲ, ಇವನು ಆರೂ ತಂತಿಗೆ ಒಟ್ಟಿಗೆ ಕೊಟ್ಟ. ನೂರಾರು ಗಿಟಾರ್ ಒಂದರ ಮೇಲೊಂದು ಪೇರಿಸಿದಾನೆ ಅಂತ ಆ ಕಾಲದಲ್ಲಿ ಎಲ್ಲರೂ ಮಾತಾಡ್ತಿದ್ರು. ಅಷ್ಟೇನಿಲ್ಲ, ಕೆಲವೇ ಟ್ರ್ಯಾಕು ಅಂತ ಅವನೇ ಹೇಳಿದಾನೆ.

— ಹಾಗಾದ್ರೆ ನಿಮಗೆ ‘ಸೂನ್’ ಹಾಡು ಪೂರ್ತಿ ಸಿಕ್ಕಿತ್ತಾ?

— ಅದ್ಯಾಕೆ ಕೇಳ್ತಿದೀಯ?

— ತೊಂಬತ್ತರ ಕ್ಯಾಸೆಟ್ ಅಂದ್ರೆ ಒಂದು ಬದಿಗೆ 45 ನಿಮಿಷ. ‘ಲವ್‌ಲೆಸ್’ 48 ನಿಮಿಷ ಮೀರತ್ತೆ. ‘ಸೂನ್’ ಕೊನೇ ಹಾಡು.

— ಸಿಕ್ಕಿಬಿದ್ದೆ. ನಡುವೆ ಟಪ್ ಅಂತ ನಿಂತುಹೋಗ್ತಿತ್ತು. ಎಷ್ಟೋ ವರ್ಷ ಆದ್ಮೇಲೆ ಸಿಡಿ ಕೊಂಡಾಗಲೇ ಆ ಹಾಡು ಕೊನೆಗೆ ಏನಾಗತ್ತೆ ಅಂತ ಗೊತ್ತಾಗಿದ್ದು. ನಿಜ ಹೇಳ್ಲಾ? ನನಗೆ ಟಪ್ ಅಂತ ನಿಲ್ಲೋದೇ ಹಿಡಿಸ್ತಿತ್ತು.

— ನೋಡಿದ್ರಾ! ನೀವು ಕಾದಿದ್ದು ಆ ಬ್ಯಾಂಡಿನ ಆಲ್ಬಂಗಲ್ಲ, ನಿಮ್ಮ ಕ್ಯಾಸೆಟ್ಟಿಗೆ. ಅದನ್ನ ಶೀಲ್ಡ್ಸ್ ಎಲ್ಲಿಂದ ತಂದು ಕೊಡ್ತಾನೆ ಪಾಪ?

— ಇದು ಒಳ್ಳೇ ಮಾತು. ಒಪ್ಪಿದೆ. ಪ್ರತಿಯೊಬ್ಬನೂ ತನ್ನ ತನ್ನ ಕ್ಯಾಸೆಟ್ಟಿಗೆ ಕಾಯ್ತಿದ್ದ. ಇಂಗ್ಲೆಂಡಿನವನು ತಾನು ಕಂಡ ಕಛೇರಿಗೆ ಕಾಯ್ತಿದ್ದ, ಅಮೆರಿಕಾದವನು ತನ್ನ ಕಾಲೇಜು ರೇಡಿಯೋಗೆ. ಆದರೆ ಅಷ್ಟು ಜನ ಕಾಯೋಕೆ ಏನೋ ಒಂದು ಕಾರಣ ಇರಬೇಕಲ್ಲ. ಆ ಆಲ್ಬಂ ಇಂಗ್ಲೆಂಡಿನ ಪಟ್ಟಿಯಲ್ಲಿ 24ನೇ ಜಾಗಕ್ಕೆ ಮುಟ್ಟಿದ್ದೇ ಹೆಚ್ಚು. ಎರಡು ವರ್ಷಕ್ಕೂ ಮೇಲೆ ರೆಕಾರ್ಡಿಂಗು, 19 ಸ್ಟುಡಿಯೋ, ಖರ್ಚು ಎರಡೂವರೆ ಲಕ್ಷ ಪೌಂಡು ಅಂತ ಮಾತು. ಅಷ್ಟಾಗಿಲ್ಲ ಅಂತ ಶೀಲ್ಡ್ಸ್ ವಾದ. ಏನೇ ಆಗ್ಲಿ, ಕ್ರಿಯೇಷನ್ ರೆಕಾರ್ಡ್ಸ್ ಸಣ್ಣ ಕಂಪನಿ, ಸುಸ್ತಾಗಿಹೋಯ್ತು, ಬ್ಯಾಂಡನ್ನ ಕೈಬಿಟ್ಟಿತು. ಮಾರಾಟದಲ್ಲಿ ಗೆಲ್ಲದೇ ಇದ್ದದ್ದು ಒಬ್ಬರಿಂದ ಒಬ್ಬರಿಗೆ ಕ್ಯಾಸೆಟ್ಟಲ್ಲಿ ದಾಟ್ತಾ ದಾಟ್ತಾ ದೊಡ್ಡದಾಯ್ತು. ಜಾಹೀರಾತಿಂದ ಹುಟ್ಟಿದ ನಿರೀಕ್ಷೆ ಆರು ತಿಂಗಳಲ್ಲಿ ಸಾಯತ್ತೆ ಕಣೆ. ಇದು ಹಾಗೆ ಹುಟ್ಟಿದ್ದಲ್ಲ.

— ಆದ್ರೂ 21 ವರ್ಷ ಯಾಕೆ ಬೇಕು, ಮಾವ? ಯಾರಿಗಾದ್ರೂ?

— ಕುವೆಂಪು ‘ಕಾನೂರು ಹೆಗ್ಗಡಿತಿ’ ಬರೆದದ್ದು 1936ರಲ್ಲಿ. ‘ಮಲೆಗಳಲ್ಲಿ ಮದುಮಗಳು’ ಬಂದದ್ದು 1967ರಲ್ಲಿ.

— ಮಧ್ಯೆ ‘ರಾಮಾಯಣ ದರ್ಶನಂ’ ಬರೆದ್ರಲ್ಲ! ಈ ಶೀಲ್ಡ್ಸ್ ಮಧ್ಯೆ ಏನು ಮಾಡ್ತಿದ್ದ?

— ಏನು ಮಾಡಲಿಲ್ಲ ಅಂತ ಕೇಳು, ಬೇಗ ಮುಗಿಯತ್ತೆ. ಕ್ರಿಯೇಷನ್ ಬಿಟ್ಟಮೇಲೆ 1992ರಲ್ಲಿ ಐಲೆಂಡ್ ಕಂಪನಿ ಜೊತೆ ಒಪ್ಪಂದ ಆಯ್ತು. ಆ ದುಡ್ಡಲ್ಲಿ ದಕ್ಷಿಣ ಲಂಡನ್ನಿನ ಸ್ಟ್ರೆಟಮ್‌ನಲ್ಲಿ ಮನೆಯಲ್ಲೇ ಸ್ಟುಡಿಯೋ ಕಟ್ಟಿಕೊಂಡ್ರು. ಮಿಕ್ಸಿಂಗ್ ಡೆಸ್ಕ್ ಕೈಕೊಡ್ತು, ಅದರ ರಿಪೇರಿಯಲ್ಲೇ ಕಾಲ ಕಳೀತು. ಡ್ರಮ್ಸ್ ಬಾರಿಸ್ತಿದ್ದ ಕೊಲಮ್, ಬೇಸ್ ನುಡಿಸ್ತಿದ್ದ ಡೆಬಿ ಗೂಜ್ 1995ರಲ್ಲಿ ಹೊರಟುಹೋದ್ರು. ಆಮೇಲೆ ಹಾಡ್ತಿದ್ದ ಬಿಲಿಂಡಾ ಬುಚರ್ ಕೂಡ. ಉಳಿದವನು ಇವನೊಬ್ಬ. 1996, 97ರಲ್ಲಿ ಒಂದಷ್ಟು ರೆಕಾರ್ಡ್ ಮಾಡಿದ, ಸರಿಹೋಗಲಿಲ್ಲ ಅಂತ ಪಕ್ಕಕ್ಕಿಟ್ಟ. ಪ್ರೈಮಲ್ ಸ್ಕ್ರೀಮ್ ಬ್ಯಾಂಡಿಗೆ ಹೋಗಿ ಗಿಟಾರ್ ನುಡಿಸಿದ. 2003ರಲ್ಲಿ ‘ಲಾಸ್ಟ್ ಇನ್ ಟ್ರಾನ್ಸ್‌ಲೇಷನ್’ ಸಿನಿಮಾಕ್ಕೆ ಕೆಲವು ಹಾಡು ಮಾಡಿಕೊಟ್ಟ. ಅಷ್ಟೇ ನಮಗೆ ಸಿಕ್ಕಿದ್ದು.

— ಸಿನಿಮಾ ನೋಡಿದೀನಿ. ಬಿಲ್ ಮರ್ರಿ.

— ನಾನೂ ಟಾಕೀಸಿನಲ್ಲಿ ನೋಡ್ತಾ ಇದ್ದೆ. ಟೋಕಿಯೋ ಬೀದಿ ಕಾರಿನ ಕಿಟಕಿಯಾಚೆ ಓಡ್ತಾ ಇರುವಾಗ ಗಿಟಾರ್ ಶುರುವಾಯ್ತು ನೋಡು, ಪಕ್ಕದವನ ತೊಡೆ ಗಿಲ್ಲಿದೆ. ಯಾರೋ ಅಪರಿಚಿತ.

— ಅಯ್ಯೋ ದೇವರೇ.

— ಹೋಗ್ಲಿ ಬಿಡು. 2006ರ ಹೊತ್ತಿಗೆ ಹಳೇ ಆಲ್ಬಂಗಳನ್ನ ಮರುಮುದ್ರಣಕ್ಕೆ ಸಿದ್ಧ ಮಾಡೋಕೆ ಕೂತವನಿಗೆ ಆ 96–97ರ ಟೇಪುಗಳು ಮತ್ತೆ ಕಿವಿಗೆ ಬಿದ್ದವು. ಅಷ್ಟೇನೂ ಕೆಟ್ಟದಾಗಿಲ್ಲ ಅನ್ನಿಸ್ತು. ಅಲ್ಲಿಂದ ಎತ್ತಿಕೊಂಡ. 2008ರಲ್ಲಿ ನಾಲ್ಕೂ ಜನ ಮತ್ತೆ ವೇದಿಕೆ ಹತ್ತಿದ್ರು. ಬಂದವರಿಗೆಲ್ಲ ಬಾಗಿಲಲ್ಲೇ ಕಿವಿಗೆ ಇಡೋ ಬಿರಡೆ ಹಂಚ್ತಿದ್ದರಂತೆ, ಅಷ್ಟು ಜೋರು. 2012ರ ಡಿಸೆಂಬರ್‌ನಲ್ಲಿ ಹೊಸ ಆಲ್ಬಂನ ಮಾಸ್ಟರಿಂಗ್ ಮುಗೀತು ಅಂತ ಫೇಸ್‌ಬುಕ್ಕಲ್ಲಿ ಹಾಕಿದ್ರು. ಯಾರೂ ನಂಬಲಿಲ್ಲ. ಜನವರಿ ಕೊನೆಗೆ ಲಂಡನ್ನಿನ ಬ್ರಿಕ್ಸ್‌ಟನ್ ಕಛೇರಿಯಲ್ಲಿ ಶೀಲ್ಡ್ಸ್, ಇನ್ನೆರಡು ಮೂರು ದಿನದಲ್ಲಿ ಬರಬಹುದು ಅಂದ. ಅದನ್ನೂ ನಂಬಲಿಲ್ಲ.

— ನೀವು ನಂಬಿದ್ರಾ?

— ನಾನೂ ನಂಬಲಿಲ್ಲ. ಆದರೆ ಭಾನುವಾರ ಬೆಳಿಗ್ಗೆ ಹಾಲಿನವನು ಬರೋ ಹೊತ್ತಿಗೇ ಎದ್ದು ಕಂಪ್ಯೂಟರ್ ಮುಂದೆ ಕೂತಿದ್ದೆ. ಇಂಗ್ಲೆಂಡಿನಲ್ಲಿ ಆಗಿನ್ನೂ ಶನಿವಾರ ರಾತ್ರಿ, ಫೆಬ್ರವರಿ 2. ಯಾವ ಕಂಪನಿಯೂ ಇಲ್ಲ, ತಮ್ಮದೇ ವೆಬ್‌ಸೈಟಲ್ಲಿ ತಾವೇ ಮಾರಾಟಕ್ಕಿಟ್ಟಿದ್ರು. ಇಟ್ಟ ತಕ್ಷಣ ಸೈಟು ಮಲಗಿಬಿಡ್ತು. ನಿಮ್ಮತ್ತೆ ಕಾಫಿ ತಂದಿಟ್ಟು, “ಷೇರು ಬಿದ್ದುಹೋಯ್ತಾ?” ಅಂತ ಕೇಳಿದಳು, ನನ್ನ ಮುಖ ನೋಡಿ. ಕೊನೆಗೆ ಅವರೇ ಯೂಟ್ಯೂಬಲ್ಲಿ ಹಾಡುಗಳನ್ನ ಹಾಕಿದ್ದಾರೆ ಅಂತ ಗೊತ್ತಾಗಿ ಅಲ್ಲಿ ಕೇಳಿದೆ.

— 21 ವರ್ಷ ಕಾದು ಯೂಟ್ಯೂಬಲ್ಲಿ.

— ಎರಡು ಸಣ್ಣ ಸ್ಪೀಕರಲ್ಲಿ. ಆಮೇಲೆ ದುಡ್ಡು ಕೊಟ್ಟು ತರಿಸಿಕೊಂಡೆ ಬಿಡು.

— ಈಗ ನನ್ನ ಪ್ರಶ್ನೆ. ಅಷ್ಟು ವರ್ಷ ಕಾದವರಿಗೆ ಏನು ಕೊಟ್ಟಿದ್ರೂ ಚೆನ್ನಾಗಿದೆ ಅನ್ನಿಸೋದಿಲ್ವಾ? ತಿರುಪತಿಯಲ್ಲಿ ರಾತ್ರಿಯೆಲ್ಲ ಕ್ಯೂ ನಿಂತವರು ದರ್ಶನ ಸರಿಯಾಗಿ ಆಗಲಿಲ್ಲ ಅಂತ ಯಾವತ್ತಾದ್ರೂ ಹೇಳ್ತಾರಾ?

— ಹೇಳ್ತಾರೆ ಕಣೆ, ಮನೆಗೆ ಬಂದು ಹೇಳ್ತಾರೆ. ಮತ್ತೆ ಸಂಗೀತದಲ್ಲಿ ತದ್ವಿರುದ್ಧ. ಕಾದಷ್ಟೂ ಜನ ಕ್ರೂರಿಗಳಾಗ್ತಾರೆ. ಗನ್ಸ್ ಎನ್ ರೋಸಸ್ ಬ್ಯಾಂಡ್ ನೋಡು. ಅದೂ 1991, ‘ಯೂಸ್ ಯುವರ್ ಇಲ್ಯೂಷನ್’ ಎರಡು ಭಾಗ ಬಂದ ವರ್ಷ. ಅದಾದ ಮೇಲೆ ಸ್ವಂತ ಹಾಡುಗಳ ಆಲ್ಬಂ ಬಂದದ್ದು 2008ರಲ್ಲಿ, ‘ಚೈನೀಸ್ ಡೆಮಾಕ್ರಸಿ’. ಒಂದು ಕೋಟಿ ಮೂವತ್ತು ಲಕ್ಷ ಡಾಲರ್ ಖರ್ಚಾಗಿದೆ ಅಂತ ಪತ್ರಿಕೆಗಳು ಬರೆದಿದ್ದವು. ಕಾದವರು ಎರಡು ವಾರ ಕೇಳಿ ಮೂಲೆಗೆ ಹಾಕಿದ್ರು. ಸ್ಟೋನ್ ರೋಸಸ್ ಐದೇ ವರ್ಷ ಕಾಯಿಸಿದ್ದಕ್ಕೆ ಎರಡನೇ ಆಲ್ಬಂ ಬಂದಾಗ ಪತ್ರಿಕೆಯವರು ಚಳಿ ಬಿಡಿಸಿದ್ರು.

— ಅವೂ ತಡ, ಇದೂ ತಡ. ಇದು ಯಾಕೆ ಬಚಾವಾಯ್ತು?

— ನನ್ನ ಲೆಕ್ಕ ಕೇಳು. ‘ಚೈನೀಸ್ ಡೆಮಾಕ್ರಸಿ’ಯನ್ನ ಅಷ್ಟೂ ವರ್ಷದಲ್ಲಿ ಒಂದು ದಿನವೂ ಸುಮ್ಮನೆ ಬಿಡಲಿಲ್ಲ. ಗಿಟಾರಿಸ್ಟ್ ಬಂದ, ಹೋದ, ಇನ್ನೊಬ್ಬ ಬಂದು ಅದರ ಮೇಲೆ ನುಡಿಸಿದ. ನಿರ್ಮಾಪಕರು ಬದಲಾದ್ರು. ಕಾಲಕ್ಕೆ ತಕ್ಕ ಹಾಗೆ ಇರಬೇಕು ಅಂತ ಪ್ರತಿ ಕಾಲದ ಬಣ್ಣ ಒಂದೊಂದು ಪದರ ಬಳಿದ್ರು. ಕೇಳಿದ್ರೆ ಅಷ್ಟೂ ವರ್ಷದ ಆತಂಕ ಕೇಳಿಸತ್ತೆ. ಶೀಲ್ಡ್ಸ್ ಸ್ವಭಾವದಲ್ಲಿ ಅವರಿಗಿಂತ ಕಮ್ಮಿ ಹುಚ್ಚನೇನಲ್ಲ. ಆದರೆ ಇವನ ಕೈಯಲ್ಲಿ ದುಡ್ಡೂ ಇರಲಿಲ್ಲ, ಬ್ಯಾಂಡೂ ಇರಲಿಲ್ಲ. ಟೇಪನ್ನ ಹತ್ತು ವರ್ಷ ಮುಟ್ಟಲೇ ಇಲ್ಲ. ಕೈಬಿಟ್ಟಿದ್ದೇ ಅದನ್ನ ಉಳಿಸಿದ್ದು.

— ಸೋಮಾರಿತನಕ್ಕೆ ಒಳ್ಳೇ ಸಮರ್ಥನೆ. ಅಮ್ಮನಿಗೆ ಹೇಳ್ಬೇಕು.

— ನಿಮ್ಮಮ್ಮ ನನ್ನ ಅಕ್ಕ, ಅವಳಿಗೆ ಮೊದಲೇ ಗೊತ್ತು. ಈಗ ನೀನು ಹೇಳು. ಹಾಡಿನ ಬಗ್ಗೆ ಹೇಳ್ತೀನಿ ಅಂದ್ಯಲ್ಲ.

— ಒಂಬತ್ತು ಹಾಡು. ನನಗೆ ಅದು ಮೂರು ಮೂರಾಗಿ ಕೇಳಿಸಿತು. ಮೊದಲನೇದು, ‘ಶಿ ಫೌಂಡ್ ನೌ’, ಡ್ರಮ್ಸ್ ಅನ್ನೋದೇ ಇಲ್ಲ, ಗೋಡೆಯಾಚೆ ಯಾರೋ ಗುದ್ದಿದ ಹಾಗೆ ಒಂದು ಸದ್ದು ಅಷ್ಟೇ. ಮಾತೂ ಪಿಸುಪಿಸು. ‘ಲವ್‌ಲೆಸ್’ ಮುಗಿದ ಕೂಡಲೇ ಅದು ಬಂದಿದ್ದಕ್ಕೆ ನನಗೆ ಆಲ್ಬಂ ಬದಲಾಗಿದೆ ಅಂತಾನೇ ಗೊತ್ತಾಗಲಿಲ್ಲ.

— ನನಗೆ ಆ ಭಾನುವಾರ ಜೀವ ಬಂದದ್ದು ಅಲ್ಲೇ. ಕಾದವರ ಎದೆ ಮೇಲೆ ಕೈಯಿಟ್ಟು, ಹೆದರಬೇಡಿ ನಾನೇ, ಅಂದ ಹಾಗಿತ್ತು.

— ಆಮೇಲೆ ‘ಓನ್ಲಿ ಟುಮಾರೋ’. ಅದರಲ್ಲಿ ಗಿಟಾರ್ ಹರಿದ ಬಟ್ಟೆ ಥರ ಇದೆ, ಅಂಚೆಲ್ಲ ಎಳೆ ಎಳೆ. ಡ್ರಮ್ಸು ಮನುಷ್ಯ ಬಾರಿಸಿದ್ದು ಅಂತ ಗೊತ್ತಾಗತ್ತೆ. ‘ಲವ್‌ಲೆಸ್’ನಲ್ಲಿ ಹಾಗೆ ಅನ್ನಿಸಲ್ಲ.

— ಸರಿಯಾಗಿ ಹಿಡಿದೆ. ‘ಲವ್‌ಲೆಸ್’ ಕಾಲದಲ್ಲಿ ಕೊಲಮ್‌ಗೆ ಮೈ ಸರಿ ಇರಲಿಲ್ಲ. ಅವನು ಬಾರಿಸಿದ ತುಣುಕುಗಳನ್ನ ಯಂತ್ರಕ್ಕೆ ಹಾಕಿ ಸುತ್ತಿಸಿ ಸುತ್ತಿಸಿ ಹೆಚ್ಚಿನ ಹಾಡುಗಳಿಗೆ ಜೋಡಿಸಿದ್ರು. ಅದಕ್ಕೇ ಆ ತಾಳ ಅಷ್ಟು ನಿರ್ಲಿಪ್ತ. ಜನ ಅದನ್ನೇ ಶೈಲಿ ಅಂದುಕೊಂಡ್ರು. ‘ಓನ್ಲಿ ಟುಮಾರೋ’ ಕೊನೆಗೆ ಒಂದೇ ಗಿಟಾರ್ ಸಾಲು ಮತ್ತೆ ಮತ್ತೆ ಬರತ್ತಲ್ಲ, ಅಲ್ಲಿ ಕೊನೇ ಒಂದೂವರೆ ನಿಮಿಷ ಯಾರೂ ಹಾಡಲ್ಲ. ಬೇರೆ ಯಾರಾದ್ರೂ ಆಗಿದ್ರೆ ಅದನ್ನ ಕತ್ತರಿಸಿರೋರು.

— ಮಧ್ಯದ ಮೂರರಲ್ಲಿ ‘ಈಸ್ ದಿಸ್ ಆ್ಯಂಡ್ ಯೆಸ್’ ನನಗೆ ಎಲ್ಲಕ್ಕಿಂತ ಇಷ್ಟ. ಬರೀ ಕೀಬೋರ್ಡು. ಗಿಟಾರ್ ದೇವರು ಅಂತ ಹೆಸರು ಮಾಡಿದವನು 21 ವರ್ಷ ಆದ್ಮೇಲೆ ಬಂದು ಗಿಟಾರನ್ನ ಕೆಳಗಿಟ್ಟು ಕೂತಿದಾನೆ. ಸ್ವರಗಳು ಮನೆಗೆ ಬರೋದೇ ಇಲ್ಲ. ಈಗ ಇಳಿಯತ್ತೆ, ಈಗ ಇಳಿಯತ್ತೆ ಅಂತ ಕಾಯ್ತಾ ಇರ್ತೀವಿ, ಹಾಡೇ ಮುಗಿದುಹೋಗತ್ತೆ. ಬಿಲಿಂಡಾ ಅವರ ದನಿ ಅಂತೂ ನಿದ್ದೆಗಣ್ಣಲ್ಲಿ ಮಾತಾಡಿದ ಹಾಗೆ.

— ‘ಲವ್‌ಲೆಸ್’ ಮಾಡುವಾಗ ಬೆಳಗಿನ ಜಾವ ನಿಜವಾಗಲೂ ನಿದ್ದೆಯಿಂದ ಎಬ್ಬಿಸಿ ಹಾಡಿಸ್ತಿದ್ದರಂತೆ. ಆ ಹಾಡಿನ ಬಗ್ಗೆ ನಿನಗಿರೋಷ್ಟು ಪ್ರೀತಿ ನನಗಿಲ್ಲ, ಆದರೆ ನೀನು ಹೇಳಿದ್ದು ನಿಜ. ನಿರೀಕ್ಷೆಗೆ ಹೆದರಿದವನು ಆ ಹಾಡನ್ನ ನಾಲ್ಕನೇ ಜಾಗದಲ್ಲಿ ಇಡೋನಲ್ಲ. ಅದರ ನಂತರದ ‘ಇಫ್ ಐ ಆ್ಯಮ್’ ಮಾತ್ರ ನನಗೆ ಇವತ್ತಿಗೂ ಸಪ್ಪೆ.

— ನನಗೂ. ಕೇಳಿದ್ದು ನೆನಪೇ ಉಳಿಯಲ್ಲ. ‘ನ್ಯೂ ಯು’ ಪರವಾಗಿಲ್ಲ, ಗುನುಗಬಹುದು.

— ಅಲ್ಲೊಂದು ಮಾತಿದೆ. ರಾಗದ ದೃಷ್ಟಿಯಿಂದ ನೋಡಿದ್ರೆ ‘ಲವ್‌ಲೆಸ್’ನಲ್ಲಿ ಗುನುಗೋಕೆ ಬರೋ ಹಾಡು ಹೆಚ್ಚು. ಗದ್ದಲದ ಅಡಿಯಲ್ಲಿ ಒಳ್ಳೊಳ್ಳೇ ಪಲ್ಲವಿಗಳಿವೆ. ‘ಎಂ ಬಿ ವಿ’ಯಲ್ಲಿ ಅಷ್ಟಿಲ್ಲ. ವಿಮರ್ಶಕರು ಆ ವಾರ ಸಂಭ್ರಮದಲ್ಲಿ ಅದನ್ನ ಜೋರಾಗಿ ಹೇಳಲಿಲ್ಲ. ಪಿಚ್‌ಫೋರ್ಕ್ ಅನ್ನೋ ಸಂಗೀತ ವೆಬ್‌ಸೈಟಿನವರು ಹತ್ತಕ್ಕೆ 9.1 ಕೊಟ್ಟರು.

— ಸಂಗೀತಕ್ಕೂ ಬಿಂದು ಹಾಕಿ ಅಂಕ ಕೊಡ್ತಾರೆ ನೋಡಿ, ಪಿಯುಸಿ ಥರ. ಕೊನೆಯ ಮೂರಕ್ಕೆ ಬರೋಣ. ‘ನಥಿಂಗ್ ಈಸ್’ ಯಾಕಿದೆ ಅಲ್ಲಿ? ಒಂದೇ ತುಣುಕು, ಮೂರೂವರೆ ನಿಮಿಷ, ಹಾಡೂ ಇಲ್ಲ ಏನೂ ಇಲ್ಲ. ನಾನು ಪ್ರತಿಸಲ ದಾಟಿಸಿಬಿಡ್ತೀನಿ.

— ದಾಟಿಸ್ತೀಯ!

— ದಾಟಿಸ್ತೀನಿ. ಮಿಕ್ಸರ್‌ಗೆ ಕಲ್ಲು ಸಿಕ್ಕಿದ ಹಾಗಿದೆ.

— ಫೋನಲ್ಲಿ ಕೇಳಿದ್ರೆ ಹಾಗೇ. ಅದು ಒಂದೇ ಥರ ಇಲ್ಲ. ಒಳಗೊಳಗೇ ಸ್ವಲ್ಪ ಸ್ವಲ್ಪ ದೊಡ್ಡದಾಗ್ತಾ ಹೋಗತ್ತೆ, ಯಾವ ಕ್ಷಣದಲ್ಲಿ ದೊಡ್ಡದಾಯ್ತು ಅಂತ ಹೇಳೋಕಾಗಲ್ಲ. ಆಮೇಲೆ ತಟ್ಟನೆ ನಿಂತುಹೋಗತ್ತೆ. ಅಲ್ಲಿಂದ ‘ವಂಡರ್ 2’. ವಿಮಾನ ತಲೆ ಮೇಲೆ ಸುತ್ತು ಹಾಕ್ತಿರೋ ಹಾಗೆ ಸದ್ದು, ಅದರ ಒಳಗೆಲ್ಲೋ ತೊಂಬತ್ತರ ದಶಕದ ಲಂಡನ್ನಿನ ಡ್ರಮ್ ಆ್ಯಂಡ್ ಬೇಸ್ ತಾಳ, ಅದರ ಒಳಗೆಲ್ಲೋ ಹಾಡೋ ದನಿ. ‘ಲವ್‌ಲೆಸ್’ ಎಷ್ಟು ಕೇಳಿದ್ದವನಿಗೂ ಇದು ಬರತ್ತೆ ಅಂತ ಊಹಿಸೋಕೆ ಸಾಧ್ಯ ಇರಲಿಲ್ಲ. ಮೊದಲ ಮೂರು ಹಾಡು ಕಾದವರಿಗೆ ಕೊಟ್ಟದ್ದು. ಕೊನೆಯ ಮೂರರಲ್ಲಿ ಅವನು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಕೊನೆಯ ಮೂರು ಇಲ್ಲದೇ ಹೋಗಿದ್ರೆ ಎರಡು ವಾರಕ್ಕೆ ನಾನೂ ಮೂಲೆಗೆ ಹಾಕ್ತಿದ್ದೆ.

— ಅಂದ್ರೆ ನಿಮ್ಮ ಪ್ರಕಾರ ನೀವು ಕೇಳದೇ ಇದ್ದದ್ದನ್ನ ಕೊಟ್ಟದ್ದಕ್ಕೆ ನಿರೀಕ್ಷೆ ನಿಜವಾಯ್ತು.

— ‘ಲವ್‌ಲೆಸ್’ ಸಿಕ್ಕಾಗ ನನಗೆ ಆಗಿದ್ದೇನು? ಕ್ಯಾಸೆಟ್ ಕೆಟ್ಟುಹೋಗಿದೆ ಅನ್ನಿಸಿದ್ದು. ಈ ಸಲ ‘ವಂಡರ್ 2’ ಬಂದಾಗ ಯೂಟ್ಯೂಬ್ ಕೆಟ್ಟಿದೆ ಅಂತ ಪುಟ ಮುಚ್ಚಿ ತೆಗೆದೆ. ಅದೇ ಬೇಕಾಗಿತ್ತು. ಕೇಳಿದ್ರೆ ಹೇಳೋಕೆ ಗೊತ್ತಿರಲಿಲ್ಲ.

— ಒಂದು ಅನುಮಾನ. ಒಂದಷ್ಟು ರೆಕಾರ್ಡಿಂಗ್ 96–97ದು ಅಂದ್ರಿ. ಆಗಲೇ ಮುಗಿಸಿ ಕೊಟ್ಟಿದ್ರೆ?

— ಆಗ ಇಂಗ್ಲೆಂಡಿನಲ್ಲಿ ಎಲ್ಲರೂ ಆ ತಾಳದ ಹಿಂದೆ ಬಿದ್ದಿದ್ರು. ಇವನೂ ಗುಂಪಿಗೆ ಸೇರಿದ ಅಂತ ಬರೆದು ಮುಗಿಸ್ತಿದ್ರು. ನಾನೂ ಬಹುಶಃ ಹಾಗೇ ಅಂತಿದ್ದೆ. 2013ಕ್ಕೆ ಆ ಫ್ಯಾಷನ್ ಸತ್ತು ಮಣ್ಣಾಗಿತ್ತು, ಹಾಗಾಗಿ ಬರೀ ಸದ್ದು ಮಾತ್ರ ಉಳೀತು. ಅದು ಅವನ ಜಾಣತನ ಅಲ್ಲ, ಅದೃಷ್ಟ.

— ಪ್ರಶಸ್ತಿ ಗಿಶಸ್ತಿ?

— ಬ್ರಿಟನ್ನಿನ ಮರ್ಕ್ಯುರಿ ಸಂಗೀತ ಪ್ರಶಸ್ತಿಗೆ ಪರಿಗಣಿಸಲೇ ಇಲ್ಲ. ಮಾಮೂಲಿ ವಿತರಣೆ ಇಲ್ಲದೆ ತಮ್ಮ ಸೈಟಲ್ಲೇ ಮಾರಿದ್ರಲ್ಲ, ಅದು ನಿಯಮಕ್ಕೆ ಹೊಂದಲಿಲ್ಲ. ಶೀಲ್ಡ್ಸ್ ಸಿಟ್ಟು ಮಾಡಿಕೊಂಡು ಪತ್ರಿಕೆಯವರ ಹತ್ರ ಹೇಳಿಕೊಂಡ.

— 2021ರಲ್ಲಿ ಇನ್ನೂ ಎರಡು ಆಲ್ಬಂ ಮಾಡ್ತೀವಿ ಅಂದಿದ್ದಾನಂತೆ. ಅದನ್ನ ಓದಿದ ದಿನದಿಂದ ಆಗಾಗ ಹುಡುಕಿ ನೋಡ್ತೀನಿ.

— ಬಂದೆ ನೋಡು ದಾರಿಗೆ! ತೀರ್ಪು ಕೊಡೋ ಯೋಗ್ಯತೆ ಹೋಯ್ತು ನಿನ್ನದು.

— ಹೋಗಲಿ ಬಿಡಿ. ನೀವು ಕಾಯ್ತಿದೀರಾ?

— ಬಂದ್ರೆ ಕೇಳ್ತೀನಿ. ನನ್ನ ಪಾಲಿನ ಕಾಯೋದು ಮುಗೀತು. ಆದರೆ ‘ನಥಿಂಗ್ ಈಸ್’ ದಾಟಿಸೋದನ್ನ ಮಾತ್ರ ನಾನು ಒಪ್ಪಲ್ಲ. ನನ್ನ ಹತ್ರ ಅದರ ಎಲ್‌ಪಿ ಇದೆ. ಅನಲಾಗ್ ಟೇಪಿನಿಂದ ನೇರ ಮಾಡಿದ್ದು ಅಂತ ಅವನು ಅದರ ಮೇಲೆ ಜೀವ ಇಟ್ಟುಕೊಂಡಿದಾನೆ. ದೊಡ್ಡ ಸ್ಪೀಕರಲ್ಲಿ ಒಂದು ಸಲ ಕೇಳು, ಆಮೇಲೆ ಮಿಕ್ಸರ್ ಅನ್ನು.

— ಈಗಲೇ ಹಾಕಿ.

— ಈಗ ಆಗಲ್ಲ, ಕೆಳಗಿನ ಮನೆಯವರು ಹೋದ ಸಲವೇ ಮೇಲೆ ಬಂದು ಮೋಟಾರ್ ರಿಪೇರಿ ಮಾಡಿಸಿ ಅಂತ ಹೇಳಿಹೋಗಿದಾರೆ. ಹಬ್ಬಕ್ಕೆ ಅವರು ಊರಿಗೆ ಹೋಗ್ತಾರೆ, ಆಗ ಬಾ.